ಹಿಡಿದು ಬಿಟ್ಟರೂ ಬೇಟೆಯೇ: ಕಪ್ಪೆ ಸಂಶೋಧನೆಯ ಒಂದು ಅನುಮತಿ ಅರ್ಜಿಯ ಪ್ರಕರಣ ಅಧ್ಯಯನ

2023ರ ಮೇ ತಿಂಗಳಲ್ಲಿ, ಅರಣ್ಯ ಇಲಾಖೆಗೆ ಕೊಟ್ಟಿದ್ದ ನಮ್ಮ ಅರ್ಜಿ ವಾಪಸ್ ಬಂತು. ತಿರಸ್ಕರಿಸಿರಲಿಲ್ಲ. ಏಳು ಪ್ರಶ್ನೆಗಳ ಒಂದು ಪತ್ರ ಕಳಿಸಿ ಸ್ಪಷ್ಟನೆ ಕೇಳಿದ್ದರು. ಮೊದಲ ಪ್ರಶ್ನೆ ಓದುತ್ತಿದ್ದ ಹಾಗೇ ಈ ಮಳೆಗಾಲ ನಮ್ಮ ಕೈತಪ್ಪಿತು ಎಂದು ನನಗೆ ಗೊತ್ತಾಗಿಹೋಯಿತು. ಯಾವ ಪ್ರಾಣಿಯನ್ನೂ ಬೇಟೆಯಾಡುವುದಿಲ್ಲ, ಸೆರೆಹಿಡಿಯುವುದಿಲ್ಲ ಎಂದು ಎರಡನೇ ಪುಟದಲ್ಲಿ ಬರೆದಿದ್ದೆವು. ಐದನೇ ಪುಟದಲ್ಲಿ ಪ್ರತಿ ಕಪ್ಪೆಯ ಹೊಟ್ಟೆ ಮತ್ತು ತೊಡೆಯ ಚರ್ಮವನ್ನು ಹತ್ತಿಕಡ್ಡಿಯಿಂದ ಒರೆಸಿ ಮಾದರಿ ತೆಗೆಯುತ್ತೇವೆ ಎಂದಿತ್ತು. ಹಿಡಿಯದೆ ಒರೆಸುವುದು ಹೇಗೆ ಎಂಬುದು ಪ್ರಶ್ನೆ.

ನಾನು ಮಲೆನಾಡಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಈ ಅರ್ಜಿ ನನ್ನ ಮಾರ್ಗದರ್ಶನದಲ್ಲಿ ಪಿಎಚ್‌ಡಿ ಮಾಡುತ್ತಿರುವ ಹುಡುಗಿಯದು. ಬರೆದದ್ದು ಅವಳು, ತಿದ್ದಿದ್ದು ನಾನು, ಸಹಿ ಹಾಕಿದ್ದೂ ನಾನು. ಆದ್ದರಿಂದ ಮುಂದೆ ಬರುವ ತಪ್ಪುಗಳಲ್ಲಿ ಹೆಚ್ಚಿನವು ನನ್ನವೇ. ಕಾಡುಪ್ರಾಣಿಗಳ ಮೇಲೆ ಸಂಶೋಧನೆ ಮಾಡಬೇಕು, ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ಕಲಿಸಬೇಕು ಎಂದು ಆಸೆಪಡುವ ನನ್ನಂಥ ಅಧ್ಯಾಪಕರು ಕರ್ನಾಟಕದಲ್ಲಿ ಬೇಕಾದಷ್ಟಿದ್ದಾರೆ. ಅವರಲ್ಲಿ ಒಬ್ಬರಿಗಾದರೂ ಒಂದು ಮಳೆಗಾಲ ಉಳಿಯಲಿ ಎಂದು ನಡೆದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ನಾವು ಮಾಡಲು ಹೊರಟಿದ್ದೇನು

ಕೈಟ್ರಿಡ್ ಎಂಬ ಶಿಲೀಂಧ್ರ ಕಪ್ಪೆಗಳ ಚರ್ಮಕ್ಕೆ ತಗಲುತ್ತದೆ. ಕಪ್ಪೆಗೆ ಚರ್ಮವೆಂದರೆ ಬರೀ ಹೊದಿಕೆಯಲ್ಲ. ಅದು ಚರ್ಮದಿಂದ ಉಸಿರಾಡುತ್ತದೆ, ನೀರು ಹೀರುತ್ತದೆ, ಮೈಯೊಳಗಿನ ಲವಣಗಳ ಸಮತೋಲ ಕಾಯುತ್ತದೆ. ಚರ್ಮ ಕೆಟ್ಟರೆ ಕೊನೆಗೆ ಹೃದಯವೇ ನಿಲ್ಲುತ್ತದೆ. 1999ರಲ್ಲಿ ವಿಜ್ಞಾನಿಗಳು ಹೆಸರಿಟ್ಟು ವಿವರಿಸಿದ ಈ ಶಿಲೀಂಧ್ರ ಮಧ್ಯ ಅಮೆರಿಕ ಮತ್ತು ಆಸ್ಟ್ರೇಲಿಯಾದ ಎಷ್ಟೋ ಹಳ್ಳಗಳನ್ನು ಮೌನವಾಗಿಸಿದೆ. ಪಶ್ಚಿಮ ಘಟ್ಟದ ಕಪ್ಪೆಗಳಲ್ಲೂ ಅದು ಇರುವುದನ್ನು ಕಳೆದ ದಶಕದಲ್ಲಿ ಒಂದಕ್ಕಿಂತ ಹೆಚ್ಚು ತಂಡಗಳು ವರದಿ ಮಾಡಿವೆ. ಇಲ್ಲಿ ಅದು ಆ ದೇಶಗಳಲ್ಲಿ ಕೊಂದ ಹಾಗೆ ಸಾಮೂಹಿಕವಾಗಿ ಕೊಂದದ್ದು ಕಂಡುಬಂದಿಲ್ಲ. ಹಾಗೆಂದು ನೋಡದೆ ಬಿಡಲಾಗದು. ನಮ್ಮ ಸುತ್ತಲಿನ ಹಳ್ಳಗಳಲ್ಲಿ ಅದಿದೆಯೇ ಎಂದು ನೋಡುವುದು ಸಂಶೋಧನೆಯ ಭಾಗ.

ಎರಡನೆಯದು ಪಾಠದ ಭಾಗ. ಸ್ನಾತಕೋತ್ತರ ತರಗತಿಯ ಇಪ್ಪತ್ತೆರಡು ವಿದ್ಯಾರ್ಥಿಗಳು, ಇಬ್ಬರು ಅಧ್ಯಾಪಕರು, ಎರಡು ರಾತ್ರಿಯ ಕ್ಷೇತ್ರಕಾರ್ಯ. ಪದವಿ ತರಗತಿಗಳಲ್ಲಿ ಕಪ್ಪೆ ಕೊಯ್ಯುವುದನ್ನು ಯುಜಿಸಿ ನಿಲ್ಲಿಸಿದ ಮೇಲೆ ಜೀವಂತ ಕಪ್ಪೆಯನ್ನು ಹತ್ತಿರದಿಂದ ನೋಡದೆಯೇ ಪದವಿ ಮುಗಿಸುವ ಮಕ್ಕಳಿದ್ದಾರೆ. ಕೊಯ್ಯುವುದು ನಿಂತದ್ದು ಒಳ್ಳೆಯದೇ ಆಯಿತು. ಅದರ ಜಾಗಕ್ಕೆ ಹಳ್ಳದ ದಂಡೆ ಬರಬೇಕಿತ್ತು, ಬರಲಿಲ್ಲ. ಕಂಪ್ಯೂಟರಿನ ಪರದೆ ಬಂತು. 2014ರಲ್ಲಿ ಕಪ್ಪೆ ಸಂಶೋಧಕ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಲೋಕಕ್ಕೆ ಪರಿಚಯಿಸಿದ ಕುಂಬಾರ ಕಪ್ಪೆ ನಮ್ಮ ಉತ್ತರ ಕನ್ನಡ, ಶಿವಮೊಗ್ಗದ ಕಾಡುಗಳಲ್ಲೇ ಇದೆ. ಗಂಡು ಕಪ್ಪೆ ಮುಂಗೈಯಿಂದ ಕೆಸರು ಎತ್ತಿ, ಕೊಂಬೆಗೆ ಅಂಟಿಸಿದ ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಇಂಥದ್ದನ್ನು ಐವತ್ತು ಕಿಲೋಮೀಟರ್ ದೂರದಲ್ಲಿಟ್ಟುಕೊಂಡು ಪರದೆಯ ಮೇಲೆ ತೋರಿಸಬೇಕಾದಾಗ ನನಗೆ ಸಂಕಟವಾಗುತ್ತದೆ.

ಈ ಎರಡನ್ನೂ ಒಂದೇ ಅರ್ಜಿಯಲ್ಲಿ ಸೇರಿಸಿ 2023ರ ಫೆಬ್ರುವರಿಯಲ್ಲಿ ಕಳಿಸಿದೆವು. ಜೂನಿಗೆ ಮಳೆ ಹಿಡಿಯುವ ಹೊತ್ತಿಗೆ ಅನುಮತಿ ಕೈಗೆ ಬರುತ್ತದೆ ಎಂದುಕೊಂಡಿದ್ದೆವು.

ಬೇಟೆ ಎಂಬ ಪದ

ಮೊದಲ ಪ್ರಶ್ನೆಗೆ ಹಿಂತಿರುಗುತ್ತೇನೆ. ಇದೊಂದು ಅರ್ಥವಾಗಿದ್ದರೆ ಅರ್ಧ ತೊಂದರೆ ಇರುತ್ತಿರಲಿಲ್ಲ.

ಬೇಟೆ ಅಂದರೆ ನಮ್ಮ ಕಣ್ಣೆದುರು ಬರುವುದು ಕೋವಿ, ಉರುಳು, ನಾಯಿ. 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯಲ್ಲಿ ಬೇಟೆಯ ಅರ್ಥ ಅದಕ್ಕಿಂತ ಬಹಳ ಅಗಲ. 2ನೇ ಸೆಕ್ಷನ್ನಿನ 16ನೇ ಉಪವಾಕ್ಯದ ಪ್ರಕಾರ ಕೊಲ್ಲುವುದು, ವಿಷ ಹಾಕುವುದು ಮಾತ್ರವಲ್ಲ, ಹಿಡಿಯುವುದು, ಬಲೆಗೆ ಬೀಳಿಸುವುದು, ಅಟ್ಟಿಸುವುದು, ಆಮಿಷ ಒಡ್ಡುವುದು, ದೇಹದ ಯಾವುದೇ ಭಾಗ ತೆಗೆಯುವುದು ಎಲ್ಲವೂ ಬೇಟೆಯೇ. ಹಿಡಿಯುವ ಪ್ರಯತ್ನವೂ ಬೇಟೆಯೇ. ಕೈಯಲ್ಲಿ ಎರಡು ನಿಮಿಷ ಹಿಡಿದು ಅದೇ ಕಲ್ಲಿನ ಮೇಲೆ ಬಿಟ್ಟರೂ ಕಾಯ್ದೆಯ ಕಣ್ಣಲ್ಲಿ ಬೇಟೆ ನಡೆದಿದೆ.

ನನ್ನ ವಿದ್ಯಾರ್ಥಿನಿಗೆ ಈ ಪದ ಬಹಳ ನೋವು ಮಾಡಿತು. "ಮೇಡಂ, ಕಪ್ಪೆ ಉಳಿಸೋಕೆ ಹೊರಟವರನ್ನ ಬೇಟೆಗಾರರು ಅಂತಾರಲ್ಲ" ಎಂದು ಅತ್ತೇಬಿಟ್ಟಳು. ಆ ಪದಕ್ಕೆ ಹೆದರಿಯೇ ನಾವಿಬ್ಬರೂ ಅರ್ಜಿಯಲ್ಲಿ ಅದನ್ನು ತಪ್ಪಿಸಿ ಬರೆದಿದ್ದೆವು. ಆದರೆ ನಮಗೆ ಬಾಗಿಲು ತೆರೆಯುವುದೂ ಅದೇ ಪದ. ಕಾಯ್ದೆಯ 9ನೇ ಸೆಕ್ಷನ್ ಬೇಟೆಯನ್ನು ನಿಷೇಧಿಸುತ್ತದೆ. 12ನೇ ಸೆಕ್ಷನ್ ಕೆಲವು ಉದ್ದೇಶಗಳಿಗೆ ಬೇಟೆಯ ಪರವಾನಗಿ ಕೊಡುವ ಅಧಿಕಾರವನ್ನು ಮುಖ್ಯ ವನ್ಯಜೀವಿ ಪಾಲಕರಿಗೆ ಕೊಡುತ್ತದೆ. ಆ ಉದ್ದೇಶಗಳ ಪಟ್ಟಿಯಲ್ಲಿ ಮೊದಲನೆಯದೇ ಶಿಕ್ಷಣ, ಎರಡನೆಯದು ವೈಜ್ಞಾನಿಕ ಸಂಶೋಧನೆ. ನಾವು ಹಿಡಿಯುವುದಿಲ್ಲ ಎಂದು ಬರೆದರೆ 12ನೇ ಸೆಕ್ಷನ್ನಿನ ಅಡಿಯಲ್ಲಿ ಅವರು ಕೊಡಲು ಏನೂ ಉಳಿಯುವುದಿಲ್ಲ. ಹಿಡಿಯುತ್ತೇವೆ ಎಂದು ನೇರವಾಗಿ ಬರೆದು, ಎಷ್ಟು, ಹೇಗೆ, ಯಾಕೆ ಎಂದು ಹೇಳಿದರೆ ಮಾತ್ರ ಕಡತ ಮುಂದಕ್ಕೆ ಹೋಗುತ್ತದೆ.

ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತಿದೆ. ಅದು ಸಮಯದ ಲೆಕ್ಕಕ್ಕೆ ಸಂಬಂಧಿಸಿದ್ದು. ಕಾಯ್ದೆಯ ಜೊತೆಗಿರುವ ಜೀವಿಗಳ ಪಟ್ಟಿಗಳೇ ಅನುಸೂಚಿಗಳು. ಒಂದನೇ ಅನುಸೂಚಿಯ ಪ್ರಾಣಿಯಾದರೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ಬೇರೆ ಯಾವುದೇ ವನ್ಯಪ್ರಾಣಿಯಾದರೂ ರಾಜ್ಯ ಸರ್ಕಾರದ ಪೂರ್ವಾನುಮತಿ ಬೇಕು. ಅಂದರೆ ಕಡತ ಅರಣ್ಯ ಇಲಾಖೆಯ ಒಳಗೇ ಸುತ್ತಿ ಮುಗಿಯುವುದಿಲ್ಲ. ವಲಯ ಕಚೇರಿಯ ಅಭಿಪ್ರಾಯ, ವಿಭಾಗದ ಅಭಿಪ್ರಾಯ, ಮುಖ್ಯ ವನ್ಯಜೀವಿ ಪಾಲಕರ ಟಿಪ್ಪಣಿ, ಅಲ್ಲಿಂದ ಸರ್ಕಾರ, ಮತ್ತೆ ಅದೇ ದಾರಿಯಲ್ಲಿ ವಾಪಸ್. ಫೆಬ್ರುವರಿಯಲ್ಲಿ ಕೊಟ್ಟು ಜೂನಿಗೆ ಕೇಳಿದ್ದು ನಮ್ಮ ಅವಸರ.

ಹೆಸರು ಬದಲಾದ ಕಪ್ಪೆಗಳು

ಎರಡನೇ ಪ್ರಶ್ನೆ ನಾವು ಉಲ್ಲೇಖಿಸಿದ್ದ ಅನುಸೂಚಿಯ ಬಗ್ಗೆ. ಹಳೆಯ ಕಾಯ್ದೆಯ ನಾಲ್ಕನೇ ಅನುಸೂಚಿಯಲ್ಲಿ ಕಪ್ಪೆಗಳು ಇದ್ದವು, ರಾನಾ ಎಂಬ ಕುಲದ ಹೆಸರಿನಡಿ. ನಾವೂ "ಅನುಸೂಚಿ 4" ಎಂದೇ ಬರೆದಿದ್ದೆವು. ಅರ್ಜಿ ಕೊಟ್ಟ ದಿನ ಅದು ಸರಿಯಾಗಿಯೇ ಇತ್ತು. ಆದರೆ 2022ರ ಡಿಸೆಂಬರಿನಲ್ಲಿ ಅಂಗೀಕಾರವಾದ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂತು. ಆರು ಅನುಸೂಚಿಗಳು ನಾಲ್ಕಾದವು. ಒಂದು ಮತ್ತು ಎರಡು ಪ್ರಾಣಿಗಳಿಗೆ, ಮೂರು ಸಸ್ಯಗಳಿಗೆ, ನಾಲ್ಕನೆಯದು ಅಂತರರಾಷ್ಟ್ರೀಯ ವ್ಯಾಪಾರದ ಸೈಟಿಸ್ ಒಪ್ಪಂದದ ಜೀವಿಗಳಿಗೆ. ಹಾನಿಕರ ಪ್ರಾಣಿಗಳ ಹಳೆಯ ಐದನೇ ಅನುಸೂಚಿಯೇ ಹೋಯಿತು. ನಮ್ಮ ಅರ್ಜಿಯನ್ನು ಮೇಜಿನ ಮೇಲೆ ಬಿಡಿಸುವ ಹೊತ್ತಿಗೆ "ಅನುಸೂಚಿ 4" ಎಂದರೆ ಬೇರೆಯೇ ಅರ್ಥವಾಗಿತ್ತು. ತಿದ್ದುಪಡಿ ಬರುತ್ತಿದೆ ಎಂದು ಪತ್ರಿಕೆಗಳಲ್ಲಿ ಓದಿದ್ದೆ. ನಮ್ಮ ಕಪ್ಪೆಗೂ ಅದಕ್ಕೂ ಸಂಬಂಧವಿದೆ ಎಂದು ತಲೆಗೆ ಹೋಗಿರಲಿಲ್ಲ.

ಇದರ ಕೆಳಗೆ ಇನ್ನೊಂದು ಸಮಸ್ಯೆ ಇತ್ತು. ಅದು ಕಾನೂನಿನದಲ್ಲ, ನಮ್ಮ ಶಾಸ್ತ್ರದ್ದೇ. ಒಂದು ಕಾಲದಲ್ಲಿ ರಾನಾ ಎಂಬ ಒಂದೇ ಕುಲದಲ್ಲಿ ಇದ್ದ ನಮ್ಮ ಕಪ್ಪೆಗಳನ್ನು ವರ್ಗೀಕರಣಕಾರರು ಹಂಚಿಬಿಟ್ಟಿದ್ದಾರೆ. ಗದ್ದೆಯ ದೊಡ್ಡ ಹಳದಿ ಕಪ್ಪೆ ಈಗ ಹಾಪ್ಲೊಬ್ಯಾಟ್ರಾಕಸ್. ಕಾಡಿನ ನೆಲದಲ್ಲಿ ಎಲೆಗಳ ನಡುವೆ ಕೂರುವ ಎರಡು ಬಣ್ಣದ ಕಪ್ಪೆ ಕ್ಲಿನೋಟಾರ್ಸಸ್. ಹಳ್ಳದ ಕಲ್ಲುಗಳ ಮೇಲೆ ಕಾಣುವ ಕಂಚಿನ ಬಣ್ಣದವು ಇಂಡೋಸಿಲ್ವಿರಾನಾ. ಇರುಳುಗಪ್ಪೆಗಳದು ರಾನಾ ಅಲ್ಲದ ಬೇರೆಯೇ ಕುಲ, ನಿಕ್ಟಿಬ್ಯಾಟ್ರಾಕಸ್; ಕುಂಬಾರ ಕಪ್ಪೆ ಅದರಲ್ಲಿ ಸೇರಿದ್ದು. ಅರ್ಜಿಯಲ್ಲಿ ನಾವು ಬರೆದದ್ದು "ಹಳ್ಳದಲ್ಲಿ ಸಿಗುವ ಎಲ್ಲ ಕಪ್ಪೆಗಳು" ಎಂದು. ಪರವಾನಗಿ ಕೊಡುವುದು ಅದರಲ್ಲಿ ನಮೂದಿಸಿದ ಪ್ರಾಣಿಗೆ ಮಾತ್ರ. "ಎಲ್ಲ" ಎಂಬ ಹೆಸರಿನ ಪ್ರಾಣಿ ಯಾವ ಅನುಸೂಚಿಯಲ್ಲೂ ಇಲ್ಲ.

ಎರಡನೇ ಸಲ ಒಂದು ಕೋಷ್ಟಕ ಮಾಡಿದೆವು. ಊರಿನ ಹೆಸರು, ಈಗಿನ ವೈಜ್ಞಾನಿಕ ಹೆಸರು, ಹಿಂದೆ ಇದ್ದ ಹೆಸರುಗಳು, ತಿದ್ದುಪಡಿಯಾದ ಕಾಯ್ದೆಯಲ್ಲಿ ಅದು ಎಲ್ಲಿದೆ ಅಥವಾ ಇಲ್ಲ ಎಂಬುದು. ನಾಲ್ಕು ದಿನ ಹಿಡಿಯಿತು. ಕಡತ ನೋಡುವವರು ಪ್ರಾಣಿಶಾಸ್ತ್ರ ಓದಿರಬೇಕೆಂದಿಲ್ಲ. ಈ ಕೋಷ್ಟಕ ನಾವು ಕೊಡದಿದ್ದರೆ ಅದನ್ನು ಅವರು ಮಾಡಿಕೊಳ್ಳಬೇಕು, ಇಲ್ಲವೇ ಕಡತ ಅಲ್ಲೇ ಕೂರಬೇಕು.

ಪಟ್ಟಿಯಲ್ಲಿ ಇಲ್ಲದ ಕಪ್ಪೆಗೆ ಅನುಮತಿಯೇ ಬೇಡವಲ್ಲ ಎಂದು ಕೇಳುವವರಿದ್ದಾರೆ. ನಾನೂ ಕೇಳಿದ್ದೆ. ಅಭಯಾರಣ್ಯದ ಗಡಿ ದಾಟಿದ ಕೂಡಲೇ ಆ ವಾದ ಬಿದ್ದುಹೋಗುತ್ತದೆ. ಅಲ್ಲಿ 29ನೇ ಸೆಕ್ಷನ್ ಕಾಪಾಡುವುದು ವನ್ಯಜೀವಿಯನ್ನು. ಕಾಯ್ದೆಯ ಅರ್ಥದಲ್ಲಿ ವನ್ಯಜೀವಿ ಎಂದರೆ ಆವಾಸದ ಭಾಗವಾದ ಯಾವುದೇ ಪ್ರಾಣಿ, ನೀರಿನ ಅಥವಾ ನೆಲದ ಸಸ್ಯ. ಅನುಸೂಚಿಯಲ್ಲಿ ಹೆಸರಿಲ್ಲದ ಗೊದ್ದವೂ ಅದರೊಳಗೆ ಬಂತು. ಅಭಯಾರಣ್ಯದ ಒಳಗೆ ಕಾಲಿಡುವುದಕ್ಕೇ 28ನೇ ಸೆಕ್ಷನ್ನಿನ ಪ್ರವೇಶ ಪರವಾನಗಿ ಬೇಕು. ಅದು ಬೇರೆ, 12ನೇ ಸೆಕ್ಷನ್ನಿನದು ಬೇರೆ. ಪ್ರವೇಶದ ಕಾಗದ ಹಿಡಿದುಕೊಂಡು ಕಪ್ಪೆಗೆ ಕೈ ಹಾಕಿದರೆ ಅದು ಅಪರಾಧ.

ಐನೂರು ಯಾಕೆ?

ಮೂರನೇ ಪ್ರಶ್ನೆ ಒಂದು ಸಾಲಿನದು: ಐನೂರು ಕಪ್ಪೆಗಳು ಯಾಕೆ ಬೇಕು?

ನಿಜ ಹೇಳಬೇಕೆಂದರೆ ಐನೂರು ಎಂಬ ಅಂಕಿ ಎಲ್ಲಿಂದಲೂ ಬಂದಿರಲಿಲ್ಲ. ಜಾಸ್ತಿ ಕೇಳಿದರೆ ಸ್ವಲ್ಪ ಕಡಿಮೆ ಕೊಡುತ್ತಾರೆ ಎಂಬ ಅಭ್ಯಾಸಬಲ. ಆ ರಾತ್ರಿ ನಾವಿಬ್ಬರೂ ಕುಳಿತು ಲೆಕ್ಕ ಹಾಕಿದೆವು. ಒಂದು ಹಳ್ಳದ ಕಪ್ಪೆಗಳಲ್ಲಿ ನೂರಕ್ಕೆ ಐದಕ್ಕೆ ಸೋಂಕು ಇದೆ ಎಂದುಕೊಳ್ಳೋಣ. ಹಿಡಿದ ಒಂದು ಕಪ್ಪೆಯಲ್ಲಿ ಸೋಂಕು ಇಲ್ಲದಿರುವ ಸಾಧ್ಯತೆ 0.95. ಎರಡರಲ್ಲೂ ಇಲ್ಲದಿರುವುದು 0.95ನ್ನು ಮತ್ತೆ 0.95ರಿಂದ ಗುಣಿಸಿದಷ್ಟು. ಹೀಗೆ ಗುಣಿಸುತ್ತಾ ಹೋದರೆ 59ನೇ ಕಪ್ಪೆಗೆ ಆ ಸಂಖ್ಯೆ 0.05ಕ್ಕಿಂತ ಕೆಳಗಿಳಿಯುತ್ತದೆ. ಅಂದರೆ 59 ಕಪ್ಪೆ ನೋಡಿದರೆ ಕನಿಷ್ಠ ಒಂದು ಸೋಂಕಿತ ಕಪ್ಪೆಯಾದರೂ ಸಿಗುತ್ತದೆ ಎಂದು ಶೇ. 95ರಷ್ಟು ಭರವಸೆಯಿಂದ ಹೇಳಬಹುದು. ಸೋಂಕು ನೂರಕ್ಕೆ ಹತ್ತರಷ್ಟಿದ್ದರೆ 29 ಸಾಕು. ನೂರಕ್ಕೆ ಒಂದೇ ಇದ್ದರೆ 299 ಬೇಕು. ಪ್ರಯೋಗಾಲಯದ ಪರೀಕ್ಷೆ ಯಾವ ಸೋಂಕನ್ನೂ ತಪ್ಪಿಸುವುದಿಲ್ಲ ಎಂದುಕೊಂಡಾಗಿನ ಲೆಕ್ಕ ಇದು.

ನಮಗೆ ಬೇಕಿದ್ದದ್ದು ಮೂರು ಹಳ್ಳಗಳ ಬಗ್ಗೆ ಉತ್ತರ. ಹಳ್ಳಕ್ಕೆ ಅರವತ್ತರಂತೆ ನೂರ ಎಂಬತ್ತು ಕಪ್ಪೆ. ಐನೂರರಿಂದ ನೂರ ಎಂಬತ್ತಕ್ಕೆ ಇಳಿದಾಗ ಸಂಶೋಧನೆ ಬಡವಾಗಲಿಲ್ಲ. ಮೊದಲ ಸಲ ಅದಕ್ಕೊಂದು ಸ್ಪಷ್ಟ ಪ್ರಶ್ನೆ ಬಂತು. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಪ್ರಯೋಗಪ್ರಾಣಿಗಳ ಬಗ್ಗೆ ಮೂರು ಸೂತ್ರ ಕೊಟ್ಟರು: ಬೇರೆ ದಾರಿ ಇದ್ದರೆ ಪ್ರಾಣಿ ಬೇಡ, ಬೇಕೇಬೇಕಾದರೆ ಆದಷ್ಟು ಕಡಿಮೆ, ಬಳಸುವಾಗ ಆದಷ್ಟು ಕಡಿಮೆ ನೋವು. ಇದನ್ನು ನಾನು ಎಷ್ಟೋ ವರ್ಷಗಳಿಂದ ತರಗತಿಯಲ್ಲಿ ಹೇಳುತ್ತಾ ಬಂದಿದ್ದೇನೆ. ನನ್ನದೇ ಅರ್ಜಿಯಲ್ಲಿ ಅದನ್ನು ಮಾಡಿರಲಿಲ್ಲ. ಒಬ್ಬ ಅಧಿಕಾರಿಯ ಒಂದು ಸಾಲು ಮಾಡಿಸಿತು. ನನಗೆ ಆ ಅಧಿಕಾರಿಯ ಹೆಸರು ಗೊತ್ತಿಲ್ಲ, ಆದರೆ ಋಣವಿದೆ.

ಮೊದಲ ಅರ್ಜಿಯಲ್ಲಿ ಗುರುತಿಗಾಗಿ ಕಾಲ್ಬೆರಳಿನ ತುದಿ ಕತ್ತರಿಸುವ ವಿಧಾನವೂ ಇತ್ತು. ಹಳೆಯ ಪದ್ಧತಿ, ಪುಸ್ತಕಗಳಲ್ಲಿ ಇದೆ ಎಂದು ಹಾಕಿದ್ದೆವು. ಯಾಕೆ ಗುರುತು ಬೇಕು ಎಂದು ನಮ್ಮನ್ನು ನಾವೇ ಕೇಳಿಕೊಂಡಾಗ ಸಿಕ್ಕ ಉತ್ತರ, ಒಂದೇ ಕಪ್ಪೆಯನ್ನು ಎರಡು ಸಲ ಲೆಕ್ಕ ಮಾಡಬಾರದು ಎಂಬುದಷ್ಟೇ. ಪ್ರತಿ ಹಳ್ಳದಲ್ಲಿ ದಂಡೆಯನ್ನು ತುಂಡುತುಂಡಾಗಿ ಅಳೆದು, ಒಮ್ಮೆ ಮುಗಿಸಿದ ತುಂಡಿಗೆ ಮತ್ತೆ ಹೋಗದಿದ್ದರೆ ಅದು ಬೇಕಾಗುವುದೇ ಇಲ್ಲ. ಹೊಟ್ಟೆಯ ಚುಕ್ಕೆಗಳ ಒಂದು ಫೋಟೊ ಸಾಕು. ಬೆರಳು ಉಳಿಯಿತು.

ರೋಗ ತರುವವರು ನಾವೇ ಆದರೆ?

ನಾಲ್ಕನೆಯ ಪ್ರಶ್ನೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಲಕಿತು. ಇಪ್ಪತ್ತನಾಲ್ಕು ಜನ ಒಂದೇ ರಾತ್ರಿ ಒಂದು ಹಳ್ಳದಿಂದ ಇನ್ನೊಂದಕ್ಕೆ ನಡೆದರೆ, ನೀವು ಹುಡುಕುತ್ತಿರುವ ಶಿಲೀಂಧ್ರವನ್ನು ನಿಮ್ಮ ಬೂಟುಗಳೇ ಸಾಗಿಸುವುದಿಲ್ಲವೇ?

ಸಾಗಿಸಬಲ್ಲವು. ಕೈಟ್ರಿಡ್‌ನ ಬೀಜಕಗಳು ನೀರಿನಲ್ಲಿ ಈಜುತ್ತವೆ, ಒದ್ದೆ ಕೆಸರಿನಲ್ಲಿ ಉಳಿಯುತ್ತವೆ. ಒದ್ದೆ ಬೂಟು, ಒದ್ದೆ ಬಲೆ, ಒಂದು ಕಪ್ಪೆ ಹಿಡಿದ ಕೈಯಿಂದಲೇ ಇನ್ನೊಂದನ್ನು ಹಿಡಿಯುವುದು, ಎಲ್ಲವೂ ದಾರಿಗಳೇ. ನಾವು ಬರೆದಿದ್ದ ಕಾರ್ಯಕ್ರಮದಲ್ಲಿ ಒಂದು ರಾತ್ರಿಗೆ ಮೂರು ಹಳ್ಳ ಇತ್ತು. ರೋಗದ ಬಗ್ಗೆ ಹತ್ತು ಪುಟ ಬರೆದ ನಾವು ನಮ್ಮ ಕಾಲ ಬುಡ ನೋಡಿರಲಿಲ್ಲ.

ಹೊಸ ಕ್ರಮ ಹೀಗಾಯಿತು. ಒಂದು ರಾತ್ರಿಗೆ ಒಂದೇ ಹಳ್ಳ. ಹಳ್ಳದಿಂದ ಹತ್ತಿದ ಮೇಲೆ ಬೂಟಿನ ಕೆಸರನ್ನು ಬ್ರಷ್‌ನಿಂದ ತೆಗೆದು, ಸೋಂಕುನಾಶಕದಲ್ಲಿ ಅದ್ದಿ, ಪೂರ್ತಿ ಒಣಗಿಸುವುದು. ಆ ದ್ರಾವಣ ಹಳ್ಳಕ್ಕೆ ಸೇರದಂತೆ ದೂರದಲ್ಲಿ ಈ ಕೆಲಸ. ಪ್ರತಿ ಕಪ್ಪೆಗೆ ಹೊಸ ಕೈಗವಸು. ಕೈಗೆ ಸೊಳ್ಳೆ ಓಡಿಸುವ ಮುಲಾಮು ಹಚ್ಚಿದವರು ಕಪ್ಪೆ ಮುಟ್ಟುವ ಹಾಗಿಲ್ಲ, ಆ ರಾಸಾಯನಿಕವನ್ನು ಕಪ್ಪೆಯ ಚರ್ಮ ಹೀರಿಕೊಳ್ಳುತ್ತದೆ. ಹಿಡಿದಲ್ಲಿಂದ ಬಿಡುವವರೆಗೆ ಮೂರು ನಿಮಿಷ, ಅದನ್ನು ಇನ್ನೊಬ್ಬರು ಗಡಿಯಾರ ನೋಡಿ ಬರೆಯಬೇಕು. ಮೊಟ್ಟೆ ಕಾಯುತ್ತಿರುವ ಕಪ್ಪೆಯನ್ನು ಹಿಡಿಯುವುದೇ ಇಲ್ಲ.

ಇದರ ಜೊತೆಗೇ ಪಾಠದ ಭಾಗ ತಾನಾಗಿ ಬೇರೆಯಾಯಿತು. ಇಪ್ಪತ್ತೆರಡು ವಿದ್ಯಾರ್ಥಿಗಳು ಕಪ್ಪೆಯನ್ನು ಯಾಕೆ ಮುಟ್ಟಬೇಕು? ಈ ಪ್ರಶ್ನೆ ಪತ್ರದಲ್ಲಿ ಇರಲಿಲ್ಲ, ನಮ್ಮಲ್ಲೇ ಎದ್ದದ್ದು. ಮಕ್ಕಳು ಕಲಿಯಬೇಕಾದದ್ದು ಕತ್ತಲಲ್ಲಿ ಕೂಗು ಕೇಳಿ ಕಪ್ಪೆ ಗುರುತಿಸುವುದು, ಒಂದು ಅಳತೆಯ ದಂಡೆಯಲ್ಲಿ ನಿಧಾನವಾಗಿ ನಡೆದು ಕಂಡದ್ದನ್ನು ಎಣಿಸುವುದು, ಯಾವುದು ಎಲೆಯ ಮೇಲೆ, ಯಾವುದು ಕಲ್ಲಿನ ಕೆಳಗೆ ಎಂದು ಬರೆದುಕೊಳ್ಳುವುದು. ಇದಕ್ಕೆ ಕೈ ಬೇಡ, ಕಿವಿ ಕಣ್ಣು ಸಾಕು. ಪಾಠಕ್ಕೆ ಅಭಯಾರಣ್ಯವೂ ಬೇಡ ಎಂದು ತೀರ್ಮಾನಿಸಿ ಅದನ್ನು ಒಂದು ಅಡಿಕೆ ತೋಟದ ಕಾಲುವೆಯ ಬದಿಗೆ ಸರಿಸಿದೆವು. ಸಂಶೋಧನೆಯ ಅರ್ಜಿಯಲ್ಲಿ ಹೆಸರುಗಳು ಇಪ್ಪತ್ತನಾಲ್ಕರಿಂದ ಮೂರಕ್ಕೆ ಇಳಿದವು.

ತೋಟದ ವಿಷಯದಲ್ಲೂ ಒಂದು ಎಡವಟ್ಟು ಆಗುವುದಿತ್ತು. ತೋಟದ ಯಜಮಾನರು ಬಹಳ ಪ್ರೀತಿಯಿಂದ, "ತೋಟದ ಮೇಲಿನ ಬೆಟ್ಟಾನೂ ನಮ್ದೇ ಮೇಡಂ, ಅಲ್ಲೊಂದು ಒರತೆ ಇದೆ, ಬೇಕಾದಷ್ಟು ಕಪ್ಪೆ" ಎಂದರು. ಅದು ಸೊಪ್ಪಿನ ಬೆಟ್ಟ. ಸೊಪ್ಪು ದರಗು ತರುವ ಹಕ್ಕು ತೋಟದವರದು, ನೆಲ ಮಾತ್ರ ಸರ್ಕಾರಿ ಅರಣ್ಯ. ಯಜಮಾನರ ಒಪ್ಪಿಗೆ ಅಲ್ಲಿ ಸಾಲದು. ಮಲೆನಾಡಿನಲ್ಲಿ ಕೆಲಸ ಮಾಡುವವರು ಇದನ್ನು ಸರ್ವೆ ನಂಬರ್ ಹಿಡಿದು ವಲಯ ಕಚೇರಿಯಲ್ಲಿ ಕೇಳಿಯೇ ಹೊರಡಬೇಕು.

ಉಳಿದ ಮೂರು ಪ್ರಶ್ನೆಗಳು ಸಣ್ಣವು. ಮಾದರಿಗಳು ಎಲ್ಲಿಗೆ ಹೋಗುತ್ತವೆ, ನೀತಿ ಸಮಿತಿಯ ಒಪ್ಪಿಗೆ ಇದೆಯೇ, ವರದಿ ಯಾವಾಗ ಕೊಡುತ್ತೀರಿ. ನಮ್ಮ ಕಾಲೇಜಿನಲ್ಲಿ ಪ್ರಾಣಿ ನೀತಿ ಸಮಿತಿ ಇಲ್ಲದ್ದರಿಂದ ಸಹಯೋಗದ ವಿಶ್ವವಿದ್ಯಾಲಯದ ಸಮಿತಿಯ ಮುಂದೆ ಹೋದೆವು. ಮಾದರಿಯ ವಿಷಯದಲ್ಲಿ ಒಂದು ಮಾತು. ವಿದೇಶದಲ್ಲಿರುವ ಗೆಳೆಯರೊಬ್ಬರು ಹತ್ತಿಕಡ್ಡಿಗಳನ್ನು ಕಳಿಸಿದರೆ ಪುಕ್ಕಟೆ ಪರೀಕ್ಷೆ ಮಾಡಿಕೊಡುತ್ತೇನೆ ಎಂದಿದ್ದರು. ಆಸೆಯಾದದ್ದು ನಿಜ. ಆದರೆ 2002ರ ಜೈವಿಕ ವೈವಿಧ್ಯ ಕಾಯ್ದೆಯ ಪ್ರಕಾರ ಇಲ್ಲಿನ ಜೈವಿಕ ಸಂಪನ್ಮೂಲ ವಿದೇಶೀಯರ ಸಂಶೋಧನೆಗೆ ಹೋಗಬೇಕಾದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ಅದು ಇನ್ನೊಂದು ಕಡತ. ಮಾದರಿ ದೇಶದೊಳಗೇ ಇರಲಿ ಎಂದು ನಿರ್ಧರಿಸಿ, ಯಾವ ಪ್ರಯೋಗಾಲಯ, ಎಷ್ಟು ಕಡ್ಡಿ, ಯಾರು ಒಯ್ಯುತ್ತಾರೆ ಎಂದು ಬರೆದುಕೊಟ್ಟೆವು.

ಚೆಕ್‌ಪೋಸ್ಟಿನ ರಾತ್ರಿ

ಸ್ಪಷ್ಟನೆ ಕೊಟ್ಟದ್ದು ಜೂನ್ ಕೊನೆಗೆ. ಅನುಮತಿ ಪತ್ರ ಕೈಗೆ ಬಂದಾಗ ಆಗಸ್ಟ್ ಮುಗಿಯುತ್ತಿತ್ತು. ಒಂದು ಹಳ್ಳಕ್ಕೆ ಮಾತ್ರ, ಸೆಪ್ಟೆಂಬರ್ ಅಂತ್ಯದವರೆಗೆ. ಸಿಕ್ಕಿದ್ದೇ ಭಾಗ್ಯವೆಂದು ಮರುವಾರವೇ ಜೀಪು ಮಾಡಿಕೊಂಡು ಹೊರಟೆವು. ರಾತ್ರಿ ಎಂಟೂವರೆಗೆ ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿದರು.

ಅಲ್ಲಿದ್ದ ವಾಚರ್ ಪತ್ರವನ್ನು ಟಾರ್ಚ್ ಬೆಳಕಿನಲ್ಲಿ ಎರಡು ಸಲ ಓದಿದರು. "ಕಾಗದ ಸರಿಯಾಗೇ ಇದೆ ಮೇಡಂ. ಆದ್ರೆ ಇದರ ಪ್ರತಿ ನಮ್ಮ ರೇಂಜಿಗೆ ಬಂದಿಲ್ಲ. ನಾಳೆ ಯಾರಾದ್ರೂ ಕೇಳಿದ್ರೆ ನಾನು ಏನು ತೋರಿಸ್ಲಿ?" ನನ್ನ ವಿದ್ಯಾರ್ಥಿನಿ ಮೇಲಧಿಕಾರಿಗಳ ಸಹಿ ತೋರಿಸಿ ವಾದಿಸಲು ಹೊರಟಳು. ನಾನು ತಡೆದೆ. ಪತ್ರದ ಕೊನೆಯ ಪುಟ ತೆಗೆದು ನೋಡಿದರೆ ಷರತ್ತು ಸ್ಪಷ್ಟವಾಗಿತ್ತು: ಕೆಲಸ ಆರಂಭಿಸುವ ಮುನ್ನ ವಲಯ ಅರಣ್ಯಾಧಿಕಾರಿಯನ್ನು ಕಂಡು, ದಿನಾಂಕಗಳನ್ನು ಲಿಖಿತವಾಗಿ ತಿಳಿಸಿ, ಮುಚ್ಚಳಿಕೆ ಬರೆದುಕೊಡತಕ್ಕದ್ದು. ಪತ್ರ ಬಂದ ಸಂಭ್ರಮದಲ್ಲಿ ಮೊದಲ ಪುಟ ಮಾತ್ರ ಓದಿದ್ದೆವು.

ವಾಪಸ್ ಬಂದೆವು. ಆ ವಾಚರ್ ಮಾಡಿದ್ದು ಸರಿ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ನಮ್ಮ ಸಂಶೋಧಕರ ನಡುವೆ ಚೆಕ್‌ಪೋಸ್ಟಿನವರ ಬಗ್ಗೆ ಹಗುರವಾಗಿ ಮಾತಾಡುವ ಚಾಳಿ ಇದೆ. ರಾತ್ರಿ ಹೊತ್ತು ಟಾರ್ಚ್ ಹಿಡಿದು ಕಾಡಿಗೆ ಬರುವ ಜೀಪುಗಳಲ್ಲಿ ಯಾರಿರುತ್ತಾರೆ ಎಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಕಾಗದ ಇದ್ದವರನ್ನೂ ನಿಲ್ಲಿಸಿ ಕೇಳುವ ಮನುಷ್ಯ ಅಲ್ಲಿರುವುದರಿಂದಲೇ ನಾವು ಎಣಿಸಲು ಕಪ್ಪೆಗಳು ಉಳಿದಿವೆ.

ಮರುದಿನ ವಲಯ ಕಚೇರಿಗೆ ಹೋಗಿ ಮುಚ್ಚಳಿಕೆ ಕೊಟ್ಟು, ಟಪಾಲಿನಲ್ಲಿ ಸ್ವೀಕೃತಿ ಹಾಕಿಸಿಕೊಂಡೆವು. ಆ ವರ್ಷ ನಮಗೆ ಸಿಕ್ಕಿದ್ದು ಒಟ್ಟು ಐದು ರಾತ್ರಿ. ಹಳ್ಳದಲ್ಲಿ ಕೂಗು ಆಗಲೇ ತಗ್ಗಿತ್ತು. ಅರವತ್ತರ ಬದಲು ಇಪ್ಪತ್ತಮೂರು ಕಪ್ಪೆ. ನಮ್ಮ ಲೆಕ್ಕದ ಪ್ರಕಾರ ಅದರಿಂದ ಏನನ್ನೂ ಖಚಿತವಾಗಿ ಹೇಳಲಾಗದು. ಒಂದು ವರ್ಷದ ಫೆಲೋಶಿಪ್ ಹಣ ಹೀಗೆ ಹೋಯಿತು. ಅವಳು ಒಂದು ಮಾತೂ ಆಡಲಿಲ್ಲ. ನನಗೆ ಇಂದಿಗೂ ಅದು ಚುಚ್ಚುತ್ತದೆ.

ಎರಡನೇ ಅರ್ಜಿ

2023ರ ಅಕ್ಟೋಬರಿನಲ್ಲಿ, ಅಂದರೆ ಮಳೆಗಾಲಕ್ಕೆ ಎಂಟು ತಿಂಗಳ ಮುಂಚೆ, ಎರಡನೇ ಅರ್ಜಿ ಕೊಟ್ಟೆವು. ಕೊಡುವ ಮೊದಲು ಅವಳು ಒಂದು ದಿನ ವಲಯ ಕಚೇರಿಗೆ ಹೋಗಿ ಕರಡನ್ನು ತೋರಿಸಿದಳು. ವಲಯ ಅರಣ್ಯಾಧಿಕಾರಿ ನಕ್ಷೆ ನೋಡಿ ಒಂದು ಹಳ್ಳವನ್ನು ಹೊಡೆದುಹಾಕಿದರು. ಆನೆ ಓಡಾಡುವ ಜಾಗ, ರಾತ್ರಿ ನಿಮ್ಮ ಜೊತೆಗೆ ಕಳಿಸಲು ನನ್ನಲ್ಲಿ ಜನ ಇಲ್ಲ ಎಂದರು. ಅದರ ಬದಲು ಶಿಬಿರದ ಹತ್ತಿರದ ಇನ್ನೊಂದು ಹಳ್ಳ ಸೂಚಿಸಿದರು. ಆಮೇಲೆ ಅಭಿಪ್ರಾಯಕ್ಕಾಗಿ ಕಡತ ಕೆಳಗಿಳಿದು ಅವರ ಮೇಜಿಗೆ ಬಂದಾಗ ಅವರಿಗೆ ಅದು ಹೊಸದಾಗಿರಲಿಲ್ಲ.

ಅರ್ಜಿಯ ಮೊದಲ ಪುಟವನ್ನು ಕನ್ನಡದಲ್ಲಿ ಬರೆದೆವು. ಯಾರು, ಎಲ್ಲಿ, ಯಾವ ಕಪ್ಪೆ, ಎಷ್ಟು, ಕೈಯಲ್ಲಿ ಎಷ್ಟು ನಿಮಿಷ, ಏನು ತೆಗೆದುಕೊಂಡು ಹೋಗುತ್ತೇವೆ, ಏನು ಬಿಟ್ಟು ಹೋಗುವುದಿಲ್ಲ. ಚೆಕ್‌ಪೋಸ್ಟಿನಲ್ಲಿ ಟಾರ್ಚ್ ಬೆಳಕಿನಲ್ಲಿ ಓದಲು ಬರುವ ಹಾಗೆ ದೊಡ್ಡ ಅಕ್ಷರ. ಶಾಸ್ತ್ರದ ವಿವರಗಳೆಲ್ಲ ಅದರ ಹಿಂದೆ.

2024ರ ಮೇ ತಿಂಗಳಲ್ಲಿ ಅನುಮತಿ ಬಂತು, ಈ ಸಲ ಒಂದೇ ಒಂದು ಪ್ರಶ್ನೆ ಕೇಳಿದ್ದರು. ಜೂನ್ ಎರಡನೇ ವಾರ ಮಳೆ ಹಿಡಿಯಿತು. ಮೊದಲ ರಾತ್ರಿ ನಮ್ಮ ಜೊತೆಗೆ ಬಂದದ್ದು ಹಿಂದಿನ ವರ್ಷ ನಮ್ಮನ್ನು ನಿಲ್ಲಿಸಿದ್ದ ಅದೇ ವಾಚರ್. ಮೂರು ನಿಮಿಷದ ಗಡಿಯಾರ ಹಿಡಿಯುವ ಕೆಲಸವನ್ನು ಅವರೇ ಕೇಳಿ ತೆಗೆದುಕೊಂಡರು. ಎರಡು ಮುಕ್ಕಾಲು ಆಗುತ್ತಿದ್ದಂತೆ "ಬಿಡಮ್ಮಾ, ಸಾಕು" ಎನ್ನುವರು. ಅವಳು ಬಿಡುವಳು.

ಜುಲೈಯ ಒಂದು ರಾತ್ರಿ ಶಿಬಿರಕ್ಕೆ ಮರಳುವಾಗ ಅಭಯಾರಣ್ಯದೊಳಗಿನ ರಸ್ತೆಯಲ್ಲಿ ಒಂದು ಎರಡು ಬಣ್ಣದ ಕಪ್ಪೆ ಸತ್ತು ಬಿದ್ದಿತ್ತು. ವಾಹನಕ್ಕೆ ಸಿಕ್ಕಿದ್ದು, ಮೈ ಇನ್ನೂ ಮೆತ್ತಗಿತ್ತು. ಅದರ ಚರ್ಮ, ಯಕೃತ್ತು ಎಲ್ಲ ಪರೀಕ್ಷೆಗೆ ಒದಗುತ್ತಿತ್ತು, ಜೀವಂತ ಕಪ್ಪೆಯಿಂದ ಎಂದೂ ಕೇಳಲಾಗದ ಮಾದರಿ. ಅವಳು ಚೀಲದಿಂದ ಅನುಮತಿ ಪತ್ರ ತೆಗೆದು ಮಳೆಯಲ್ಲೇ ಓದಿದಳು. ಹಿಡಿಯುವುದು ಇತ್ತು, ಒರೆಸುವುದು ಇತ್ತು, ಬಿಡುವುದು ಇತ್ತು. ಸತ್ತು ಸಿಕ್ಕಿದ್ದನ್ನು ತೆಗೆದುಕೊಳ್ಳುವ ಬಗ್ಗೆ ಒಂದು ಸಾಲೂ ಇರಲಿಲ್ಲ, ಯಾಕೆಂದರೆ ನಾವು ಕೇಳಿರಲಿಲ್ಲ. ಫೋಟೊ ತೆಗೆದು, ಜಾಗ ಮತ್ತು ಹೊತ್ತು ಬರೆದುಕೊಂಡು, ಅದನ್ನು ಚಕ್ರಕ್ಕೆ ಸಿಗದ ಹಾಗೆ ರಸ್ತೆಯ ಬದಿಗೆ ಎಲೆಯ ಮೇಲೆ ಇಟ್ಟೆವು. ಬೆಳಿಗ್ಗೆ ಹೋಗಿ ನೋಡಿದಾಗ ಎಲೆ ಮಾತ್ರ ಇತ್ತು.

ಮೂರನೇ ವರ್ಷದ ಅರ್ಜಿಯಲ್ಲಿ ಆ ಸಾಲು ಇದೆ, ನಾಲ್ಕನೇ ಪುಟದಲ್ಲಿ.